ಹಳೆಯ ವಾಹನದ ಇಗ್ನಿಷನ್ ಭಾಗಗಳು: ಯಾವಾಗ ಬದಲಿಸಬೇಕು, ದೋಷವನ್ನು ಹೇಗೆ ಹಿಡಿಯಬೇಕು

ಹಳೆಯ ಪೆಟ್ರೋಲ್ ಎಂಜಿನ್ ಮಿಸ್ಸಿಂಗ್ ಹೊಡೆಯಲು, ಅಂದರೆ ನಡುನಡುವೆ ಉರಿತ ತಪ್ಪಿ ಮುಗ್ಗರಿಸಲು, ತೊಡಗಿದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕ್ಯಾಪ್, ರೋಟರ್, ಪ್ಲಗ್ ವೈರ್, ಕೊನೆಗೆ ಕಾಯಿಲ್ ಕೂಡ, ಎಲ್ಲವನ್ನೂ ಒಂದೇ ದಿನ ಹೊಸದು ಮಾಡಿಬಿಡುತ್ತಾರೆ. ಅದೃಷ್ಟವಿದ್ದರೆ ದೋಷ ಹೋಗುತ್ತದೆ, ಆದರೆ ಕೆಟ್ಟಿದ್ದು ಯಾವುದು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಅದೃಷ್ಟವಿಲ್ಲದಿದ್ದರೆ ಹಳೆಯ ದೋಷ ಹಾಗೆಯೇ ಉಳಿದು, ಹೊಸ ಭಾಗವೊಂದರ ದೋಷವೂ ಅದರ ಜೊತೆ ಸೇರಿಕೊಳ್ಳುತ್ತದೆ. ಆಮೇಲೆ ಹುಡುಕುವ ಕೆಲಸ ಎರಡು ಪಟ್ಟು ಕಷ್ಟ.

"ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?" ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಕಿಲೋಮೀಟರ್ ಲೆಕ್ಕ ತಿಳಿಸುವುದು ಯಾವಾಗ ಬಿಚ್ಚಿ ನೋಡಬೇಕು ಎಂಬುದನ್ನು. ಬದಲಿಸಬೇಕೋ ಬೇಡವೋ ಎಂಬುದನ್ನು ಆ ಭಾಗವನ್ನೇ ನೋಡಿ, ಅಳೆದು ತೀರ್ಮಾನಿಸಬೇಕು. ಪಾಯಿಂಟ್ ಮತ್ತು ಪ್ಲಗ್‌ಗಳು ಸವೆಯುವುದಕ್ಕೆಂದೇ ಇರುವ ಭಾಗಗಳು; ಅವುಗಳ ಅವಧಿಯನ್ನು ಪಾಲಿಸಲೇಬೇಕು. ಕಾಯಿಲ್, ಕಂಡೆನ್ಸರ್, ಮಾಡ್ಯೂಲ್ (ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಪಾಯಿಂಟ್‌ನ ಕೆಲಸ ಮಾಡುವ ಭಾಗ) ಹಾಗಲ್ಲ. ಅವು ಕೆಟ್ಟಾಗ ಮಾತ್ರ ಬದಲಾಗಬೇಕು, ಕೆಟ್ಟಿವೆ ಎಂಬುದು ಪರೀಕ್ಷೆಯಿಂದ ಖಚಿತವಾದ ಮೇಲೆ.

ಕಿಡಿ ಹುಟ್ಟುವ ದಾರಿ

ಈ ದಾರಿ ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೆ ಅರ್ಧ ದೋಷವನ್ನು ಕುಳಿತಲ್ಲೇ ಹಿಡಿಯಬಹುದು. ಬ್ಯಾಟರಿಯ ಕರೆಂಟ್ ಇಗ್ನಿಷನ್ ಸ್ವಿಚ್ ದಾಟಿ ಕಾಯಿಲ್‌ನ ಪ್ರೈಮರಿ ಸುತ್ತಿನೊಳಗೆ ಹರಿದು, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿರುವ ಪಾಯಿಂಟ್‌ಗಳ (ತೆರೆದು ಮುಚ್ಚುವ ಸಂಪರ್ಕ ತುದಿಗಳ) ಮೂಲಕ ಅರ್ತ್, ಅಂದರೆ ಗಾಡಿಯ ಬಾಡಿ, ಸೇರುತ್ತದೆ. ಕ್ಯಾಮ್ ತಿರುಗಿ ಪಾಯಿಂಟನ್ನು ತೆರೆದ ಕ್ಷಣದಲ್ಲಿ ಕರೆಂಟ್ ಕಡಿದು ಕಾಯಿಲ್‌ನ ಕಾಂತಕ್ಷೇತ್ರ ಕುಸಿಯುತ್ತದೆ. ಆಗ ಪ್ರೈಮರಿಯಲ್ಲಿಯೇ ಕೆಲವು ನೂರು ವೋಲ್ಟ್ ಹುಟ್ಟುತ್ತದೆ. ಸಾವಿರಾರು ಸುತ್ತುಗಳಿರುವ ಸೆಕೆಂಡರಿಯಲ್ಲಿ 10,000ದಿಂದ 25,000 ವೋಲ್ಟ್‌ವರೆಗೆ ಏರುತ್ತದೆ. ಅದು ಕ್ಯಾಪ್‌ನ ನಡುವಿನ ಇಂಗಾಲದ ಗುಂಡಿಯಿಂದ ರೋಟರ್‌ಗೆ, ರೋಟರ್ ತುದಿಯಿಂದ ಆಯಾ ಸಿಲಿಂಡರಿನ ವೈರ್‌ಗೆ, ಅಲ್ಲಿಂದ ಪ್ಲಗ್‌ಗೆ ಹೋಗುತ್ತದೆ. ಪಾಯಿಂಟ್ ತೆರೆಯುವಾಗ ಅದರ ತುದಿಗಳ ನಡುವೆಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರ್.

ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಹರಡುವ ತನಕ ಬಹುಪಾಲು ಕಾರುಗಳು ಇದೇ ತತ್ತ್ವದ ಮೇಲೆ ಓಡಿದವು. ಹಾಗಾಗಿ ಹಳೆಯ ಗಾಡಿಯ ಹೆಸರು ಯಾವುದಾದರೂ ಇರಲಿ, ಹುಡುಕುವ ಕ್ರಮ ಬದಲಾಗುವುದಿಲ್ಲ.

ಈ ಭಾಗಗಳ ದುಡಿಮೆ ಎಷ್ಟು ಎಂಬುದನ್ನೂ ಒಮ್ಮೆ ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ ಎಂದುಕೊಂಡರೆ, ಪ್ರತಿ ಕಿಲೋಮೀಟರಿಗೆ 2000 ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಎರಡು ಕಿಡಿ. 20,000 ಕಿ.ಮೀ. ಓಡುವಷ್ಟರಲ್ಲಿ ಪಾಯಿಂಟ್ ಎಂಟು ಕೋಟಿ ಸಲ ತೆರೆದು ಮುಚ್ಚಿರುತ್ತದೆ, ಒಂದೊಂದು ಪ್ಲಗ್ ಎರಡು ಕೋಟಿ ಸಲ ಕಿಡಿ ಹಾರಿಸಿರುತ್ತದೆ. ಸವೆಯದಿದ್ದರೆ ಆಶ್ಚರ್ಯಪಡಬೇಕು.

ಯಾವ ಭಾಗಕ್ಕೆ ಎಷ್ಟು ಆಯಸ್ಸು

ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಕೈಯಲ್ಲಿದ್ದರೆ ಅದರ ಅಂಕಿಯೇ ಅಂತಿಮ. ಇಲ್ಲದವರಿಗೆ ಇಲ್ಲಿ ಕೊಡುವ ಅಂಕಿಗಳು ಆಧಾರವಾಗುತ್ತವೆ.

ಪಾಯಿಂಟನ್ನು ಪ್ರತಿ 5,000 ಕಿ.ಮೀ.ಗೆ ತೆರೆದು ನೋಡಬೇಕು. 10,000ದಿಂದ 20,000 ಕಿ.ಮೀ. ನಡುವೆ ಬದಲಿಸಬೇಕು. ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.45 ಮಿ.ಮೀ. ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಸವೆದಂತೆಲ್ಲ ಈ ಗ್ಯಾಪ್ ಕಿರಿದಾಗುತ್ತ ಬರುತ್ತದೆ. ಗ್ಯಾಪ್ ಕಿರಿದಾದರೆ ಪಾಯಿಂಟ್ ಮುಚ್ಚಿರುವ ಅವಧಿ, ಅಂದರೆ ಡ್ವೆಲ್ ಕೋನ, ಹೆಚ್ಚುತ್ತದೆ. ಕಿಡಿ ತಡವಾಗಿ ಬೀಳುತ್ತದೆ. ಡ್ವೆಲ್ ಒಂದು ಡಿಗ್ರಿ ಹೆಚ್ಚಿದರೆ ಟೈಮಿಂಗ್ (ಕಿಡಿ ಬೀಳುವ ಕ್ಷಣ) ಕ್ರ್ಯಾಂಕ್ ಶಾಫ್ಟ್‌ನ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಗಾಡಿಯ ಎಳೆತ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತ ಬಂದಿದ್ದರೆ, ಓಡಿಸುವವರಿಗೆ ಅದು ಗೊತ್ತೇ ಆಗದಿದ್ದರೆ, ಕಾರಣ ಹೆಚ್ಚಾಗಿ ಇದೇ. ನಾಲ್ಕು ಸಿಲಿಂಡರಿಗೆ ಡ್ವೆಲ್ 50ರಿಂದ 60 ಡಿಗ್ರಿ, ಆರಕ್ಕೆ 35ರಿಂದ 40, ಎಂಟಕ್ಕೆ ಸುಮಾರು 30. ಡ್ವೆಲ್ ಮೀಟರ್ ಇದ್ದರೆ ಫೀಲರ್ ಗೇಜ್‌ಗಿಂತ ಅದನ್ನೇ ನಂಬಿ. ಓಡಿದ ಪಾಯಿಂಟ್‌ನ ಒಂದು ಮುಖದಲ್ಲಿ ಗುಳಿ, ಎದುರಿನದರಲ್ಲಿ ಗುಬುಟು ಇರುತ್ತದೆ. ಚಪ್ಪಟೆ ಗೇಜ್ ಆ ಗುಬುಟಿನ ಮೇಲೆ ಕುಳಿತು ತಪ್ಪು ಅಳತೆ ಕೊಡುತ್ತದೆ.

ಸಾಮಾನ್ಯ ನಿಕ್ಕಲ್ ಪ್ಲಗ್‌ಗಳಿಗೆ 15,000ದಿಂದ 30,000 ಕಿ.ಮೀ. ಆಯಸ್ಸು, ಪಾಯಿಂಟ್ ಇಗ್ನಿಷನ್ ಇರುವ ಗಾಡಿಯಲ್ಲಿ ಕಡಿಮೆ ಅಂಕಿಯ ಹತ್ತಿರವೇ ಇರಿ. ಪ್ಲಾಟಿನಂ, ಇರಿಡಿಯಂ ತುದಿಯವು 80,000ದಿಂದ 1,00,000 ಕಿ.ಮೀ.ವರೆಗೂ ಬಾಳಬಲ್ಲವು. ಆದರೆ ಕಾರ್ಬುರೇಟರ್ ಇರುವ, ಸ್ವಲ್ಪ ಎಣ್ಣೆ ಸುಡುವ ಹಳೆಯ ಎಂಜಿನ್‌ನಲ್ಲಿ ಇರಿಡಿಯಂ ಪ್ಲಗ್ ಸವೆಯುವ ಮೊದಲೇ ಮಸಿ ಹಿಡಿಯುತ್ತದೆ. ಅಲ್ಲಿ ಸಾಧಾರಣ ಪ್ಲಗ್ ಹಾಕಿ ಬೇಗ ಬದಲಿಸುವುದೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ. ನಿಕ್ಕಲ್ ಪ್ಲಗ್‌ನ ಗ್ಯಾಪ್ ಪ್ರತಿ 1000 ಕಿ.ಮೀ.ಗೆ 0.01ರಿಂದ 0.02 ಮಿ.ಮೀ.ಯಷ್ಟು ಅಗಲವಾಗುತ್ತದೆ. 0.7ಕ್ಕೆ ಇಟ್ಟ ಗ್ಯಾಪ್ 20,000 ಕಿ.ಮೀ. ಕಳೆದ ಮೇಲೆ 1 ಮಿ.ಮೀ. ಸಮೀಪಿಸಿದರೆ, ಅಷ್ಟು ದೂರ ಕಿಡಿ ಹಾರಿಸಲು ಹಳೆಯ ಕಾಯಿಲ್ ಏದುಸಿರು ಬಿಡಬೇಕಾಗುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಪ್ಲಗ್‌ನ ಆಯಸ್ಸು ಇದಕ್ಕಿಂತ ಬಹಳ ಕಡಿಮೆ, ಏಕೆಂದರೆ ಅಲ್ಲಿ ಪ್ರತಿ ಸುತ್ತಿಗೂ ಕಿಡಿ ಬೀಳುತ್ತದೆ, ಎಣ್ಣೆಯೂ ಪೆಟ್ರೋಲಿನ ಜೊತೆಯಲ್ಲೇ ಉರಿಯುತ್ತದೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ರೋಟರ್ 30,000ದಿಂದ 50,000 ಕಿ.ಮೀ. ಬರುತ್ತವೆ. ಪ್ಲಗ್ ವೈರ್‌ಗಳು 50,000ದಿಂದ 80,000 ಕಿ.ಮೀ. ಇಲ್ಲಿ ಕಿಲೋಮೀಟರಿಗಿಂತ ವರ್ಷದ ಲೆಕ್ಕ ಮುಖ್ಯ. ವರ್ಷಕ್ಕೆ ಒಂದೆರಡು ಸಾವಿರ ಕಿ.ಮೀ. ಮಾತ್ರ ಓಡುವ, ಹೆಚ್ಚು ಕಾಲ ಶೆಡ್‌ನಲ್ಲೇ ನಿಲ್ಲುವ ಹಳೆಯ ಗಾಡಿಯ ವೈರ್‌ಗಳನ್ನು ಓಡೋಮೀಟರ್ ನೋಡಿ ನಿರ್ಧರಿಸಲು ಹೋದರೆ ಅವು ಎಂದಿಗೂ ಬದಲಾಗುವುದಿಲ್ಲ. ಬಿಸಿ, ಎಣ್ಣೆ, ಓಝೋನ್ ಸೇರಿ ರಬ್ಬರನ್ನು ಗಟ್ಟಿ ಮಾಡಿ ಬಿರುಕು ಬಿಡಿಸುತ್ತವೆ. ಇದಕ್ಕೆ ಗಾಡಿ ಓಡಲೇಬೇಕೆಂದಿಲ್ಲ. ಐದು ವರ್ಷ ದಾಟಿದ ವೈರ್‌ಗಳನ್ನು ಬಾಗಿಸಿ, ಬೂಟ್‌ಗಳನ್ನು ಹಿಸುಕಿ ನೋಡಿ. ಚಟಪಟ ಸದ್ದು ಬಂದರೆ ಅಥವಾ ಬಿರುಕು ಕಂಡರೆ ಇಡೀ ಸೆಟ್ ಬದಲಿಸಿ. ಕಾರ್ಬನ್ ತಿರುಳಿನ ವೈರ್‌ಗೆ ಮೀಟರ್ ಉದ್ದಕ್ಕೆ 10,000ದಿಂದ 20,000 ಓಮ್ ಸಹಜ. ಒಂದು ವೈರ್ ಮಾತ್ರ ಉಳಿದವಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಅದರೊಳಗೆ ತಿರುಳು ಕಡಿದಿದೆ. ಇಂತಹ ವೈರ್ ಕೀಳುವಾಗ ಬೂಟ್ ಹಿಡಿದು ತಿರುಚಿ ಎಳೆಯಬೇಕು. ವೈರನ್ನೇ ಹಿಡಿದು ಜಗ್ಗುವುದರಿಂದ ತಿರುಳು ಕಡಿಯುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ.

ಕಂಡೆನ್ಸರ್‌ಗೆ ಅವಧಿ ಎಂಬುದಿಲ್ಲ. ಪಾಯಿಂಟ್ ಜೊತೆಗೆ ಅದನ್ನೂ ಬದಲಿಸುವ ರೂಢಿ ಹಿಂದಿನಿಂದ ಬಂದಿದೆ, ಆ ರೂಢಿಯನ್ನು ನಾನು ಒಪ್ಪುವುದಿಲ್ಲ. ಪಾಯಿಂಟ್‌ನ ಮುಖ ತಿಳಿಬೂದು ಬಣ್ಣದಲ್ಲಿ ಸಮವಾಗಿ ಸವೆದಿದ್ದರೆ ಆ ಕಂಡೆನ್ಸರ್ ಆರೋಗ್ಯವಾಗಿದೆ, ಅದನ್ನು ಕದಲಿಸಬೇಡಿ. ಹಳೆಯ ಗಾಡಿಗಳಿಗೆ ಈಗ ಸಿಗುವ ಕಂಡೆನ್ಸರ್ ಮತ್ತು ರೋಟರ್‌ಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಹಾಕಿದ ಕೆಲವೇ ದಿನದಲ್ಲಿ ಬಿಸಿಗೆ ಸೋತು ಗಾಡಿಯನ್ನು ದಾರಿಯಲ್ಲಿ ನಿಲ್ಲಿಸುವ ಹೊಸ ಕಂಡೆನ್ಸರ್‌ಗಳ ಬಗ್ಗೆ ಹಳೆಯ ಗಾಡಿ ಇಟ್ಟುಕೊಂಡವರಿಗೆಲ್ಲ ತಿಳಿದಿದೆ. ಬದಲಿಸಲೇಬೇಕಾದರೆ ಕೆಲಸ ಮಾಡುತ್ತಿದ್ದ ಹಳೆಯದನ್ನು ಎಸೆಯದೆ ಗಾಡಿಯಲ್ಲೇ ಇಟ್ಟುಕೊಳ್ಳಿ.

ಕಾಯಿಲ್ ಅನೇಕ ಗಾಡಿಗಳಲ್ಲಿ ಎಂಜಿನ್ ಇರುವಷ್ಟು ಕಾಲ ಇರುತ್ತದೆ. ಎಂಜಿನ್ ನಿಂತಿರುವಾಗ ಸ್ವಿಚ್ ಆನ್ ಮಾಡಿ ಮರೆತುಬಿಡುವುದು ಅದನ್ನು ಕೊಲ್ಲುವ ಬಲು ಸುಲಭ ವಿಧಾನ: ಪಾಯಿಂಟ್ ಮುಚ್ಚಿದ್ದರೆ ಪೂರ್ತಿ ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್ ಕಾಯ್ದುಹೋಗುತ್ತದೆ.

ಯಾವ ಹೊತ್ತಿನಲ್ಲಿ ಮಿಸ್ಸಿಂಗ್, ಅದನ್ನು ಮೊದಲು ಗಮನಿಸಿ

ಸ್ಪ್ಯಾನರ್ ಎತ್ತುವ ಮೊದಲು ದೋಷ ಯಾವಾಗ ಬರುತ್ತದೆ ಎಂಬುದನ್ನು ಬರೆದುಕೊಳ್ಳಿ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಐಡ್ಲಿಂಗ್‌ನಲ್ಲೋ, ಏರು ಹತ್ತುವಾಗಲೋ, ಅಥವಾ ವೇಗ ಹೆಚ್ಚಿದಾಗ ಮಾತ್ರವೋ?

ಏರಿನಲ್ಲಿ ಅಥವಾ ಒಮ್ಮೆಲೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮಿಸ್ಸಿಂಗ್ ಬಂದರೆ ಹೈಟೆನ್ಷನ್ ಕಡೆ, ಅಂದರೆ ಕಾಯಿಲ್‌ನಿಂದ ಪ್ಲಗ್‌ವರೆಗಿನ ಹೆಚ್ಚು ವೋಲ್ಟೇಜಿನ ದಾರಿಯ ಕಡೆ, ನೋಡಿ. ಲೋಡ್ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಆಗ ಕಿಡಿಗೆ ಪ್ಲಗ್‌ಗಿಂತ ಸುಲಭದ ದಾರಿ ಬೇರೆಲ್ಲಾದರೂ ಸಿಕ್ಕರೆ, ವೈರ್‌ನ ಬಿರುಕು, ಕ್ಯಾಪ್‌ನ ಒಳಗಿನ ಕಪ್ಪು ಗೆರೆ, ರೋಟರ್‌ನ ಕೆಳಭಾಗ, ಅದು ಅತ್ತ ಹಾರುತ್ತದೆ. ಅಗಲವಾದ ಪ್ಲಗ್ ಗ್ಯಾಪ್ ಇದಕ್ಕೆ ಇನ್ನಷ್ಟು ನೂಕುಬಲ ಕೊಡುತ್ತದೆ.

ವೇಗ ಹೆಚ್ಚಿದಾಗ ಮಾತ್ರ ಬರುವ ಮಿಸ್ಸಿಂಗ್ ಬೇರೆ ಜಾತಿ. ಪಾಯಿಂಟ್‌ನ ಸ್ಪ್ರಿಂಗ್ ಸೋತು ಪಾಯಿಂಟ್ ಪುಟಿಯುತ್ತಿರಬಹುದು, ಡ್ವೆಲ್ ಕಡಿಮೆಯಾಗಿ ಕಾಯಿಲ್ ತುಂಬಲು ಸಮಯ ಸಾಲದಿರಬಹುದು. ಪೆಟ್ರೋಲ್ ಸಾಲದಿದ್ದರೂ ಇದೇ ಲಕ್ಷಣ, ಆದ್ದರಿಂದ ಫಿಲ್ಟರನ್ನು ಮರೆಯಬೇಡಿ. ಐಡ್ಲಿಂಗ್‌ನಲ್ಲಿ ಮಾತ್ರ ತಪ್ಪುತ್ತಿದ್ದರೆ ಮಸಿ ಹಿಡಿದ ಪ್ಲಗ್, ಇನ್‌ಟೇಕ್ ಕಡೆಯ ಗಾಳಿ ಸೋರಿಕೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆತ. ಈ ಬುಷ್ ಸವೆದರೆ ನೀವು ಎಷ್ಟು ಸಲ ಗ್ಯಾಪ್ ಇಟ್ಟರೂ ನಿಲ್ಲುವುದಿಲ್ಲ. ರೋಟರ್ ಹಿಡಿದು ಶಾಫ್ಟನ್ನು ಪಕ್ಕಕ್ಕೆ ಅಲುಗಿಸಿ ನೋಡಿ. ಡ್ವೆಲ್ ಮೀಟರ್ ಹಾಕಿ ಎಂಜಿನ್ ವೇಗ ಏರಿಸಿದಾಗ ಮುಳ್ಳು ಎರಡು ಮೂರು ಡಿಗ್ರಿಗಿಂತ ಹೆಚ್ಚು ಓಡಾಡಿದರೆ ಪಾಯಿಂಟ್ ಬದಲಿಸಿ ಪ್ರಯೋಜನವಿಲ್ಲ.

ಮಳೆಯಲ್ಲಿ ಅಥವಾ ಇಬ್ಬನಿಯ ಬೆಳಗ್ಗೆ ಸ್ಟಾರ್ಟ್ ಆಗದ ಗಾಡಿಗೆ ಕ್ಯಾಪ್ ಮತ್ತು ವೈರ್‌ಗಳೇ ಮೊದಲ ಆರೋಪಿಗಳು. ಕತ್ತಲಲ್ಲಿ ಎಂಜಿನ್ ಓಡಿಸಿ, ವೈರ್‌ಗಳ ಮೇಲೆ ಸ್ಪ್ರೇ ಬಾಟಲಿಯಿಂದ ತೆಳುವಾಗಿ ನೀರು ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಮೀಟರ್ ಇಲ್ಲದೆ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಕೈ ಮಾತ್ರ ದೂರವಿರಲಿ.

ಕಿಡಿಯೇ ಇಲ್ಲದಾಗ

ಮೊದಲು ಎಚ್ಚರಿಕೆಯ ಮಾತು. ಈ ವೋಲ್ಟೇಜ್ ನೋವು ಕೊಡುತ್ತದೆ, ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಅಪಾಯವನ್ನೂ ತರಬಲ್ಲದು. ಪೇಸ್‌ಮೇಕರ್ ಇರುವವರು ಈ ಪರೀಕ್ಷೆಗಳನ್ನು ಮಾಡಲೇಬಾರದು. ಹತ್ತಿರದಲ್ಲಿ ಪೆಟ್ರೋಲ್ ಸೋರಿಕೆ ಇದ್ದರೆ ಅದನ್ನು ಸರಿಪಡಿಸಿಯೇ ಮುಂದಕ್ಕೆ ಹೋಗಬೇಕು. ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಅಭ್ಯಾಸ ಬಿಡಿ. ಒಂದು ತುದಿ ಬಾಡಿಗೆ ಕಚ್ಚಿಸುವ ಸ್ಪಾರ್ಕ್ ಟೆಸ್ಟರ್ ಬಳಸಿ. ವೈರನ್ನು ಎಲ್ಲಿಗೂ ತಾಗದಂತೆ ಗಾಳಿಯಲ್ಲಿ ಬಿಟ್ಟು ಎಂಜಿನ್ ತಿರುಗಿಸಬೇಡಿ. ಹೊರಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಇನ್ಸುಲೇಷನ್ನನ್ನೋ ಮಾಡ್ಯೂಲನ್ನೋ ಸೀಳಿಕೊಂಡು ಹೋಗುತ್ತದೆ.

ಈಗ ಮಲ್ಟಿಮೀಟರ್ ತೆಗೆದುಕೊಳ್ಳಿ. ಸ್ವಿಚ್ ಆನ್ ಮಾಡಿ ಕಾಯಿಲ್‌ನ ಪಾಸಿಟಿವ್ ತುದಿಯಲ್ಲಿ ಅಳೆಯಿರಿ. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ಭಾಗ) ಇಲ್ಲದ ಗಾಡಿಯಲ್ಲಿ ಬ್ಯಾಟರಿ ವೋಲ್ಟೇಜಿನ ಹತ್ತಿರ ಇರಬೇಕು. ಬ್ಯಾಲಸ್ಟ್ ಇದ್ದರೆ, ಪಾಯಿಂಟ್ ಮುಚ್ಚಿರುವಾಗ 6ರಿಂದ 9 ವೋಲ್ಟ್. ಏನೂ ಇಲ್ಲವೆಂದರೆ ದೋಷ ಸ್ವಿಚ್, ಫ್ಯೂಸ್ ಅಥವಾ ವೈರಿಂಗ್‌ನಲ್ಲಿದೆ. ಡಿಸ್ಟ್ರಿಬ್ಯೂಟರ್ ಮುಟ್ಟುವ ಅಗತ್ಯವೇ ಇಲ್ಲ. ಸ್ಟಾರ್ಟರ್ ತಿರುಗಿಸುವಾಗಲೂ ಒಮ್ಮೆ ಅಳೆಯಿರಿ. ಸ್ಟಾರ್ಟರ್ ತಿರುಗುವಾಗ ಹೊತ್ತಿಕೊಂಡು, ಕೀ ಬಿಟ್ಟ ತಕ್ಷಣ ಆರಿಹೋಗುವ ಎಂಜಿನ್‌ಗೆ ಬ್ಯಾಲಸ್ಟ್ ಕಡಿದಿರುವುದೇ ಪ್ರಸಿದ್ಧ ಕಾರಣ: ಸ್ಟಾರ್ಟ್ ಮಾಡುವಾಗ ಕರೆಂಟ್ ಬ್ಯಾಲಸ್ಟನ್ನು ತಪ್ಪಿಸಿ ನೇರ ಬರುತ್ತದೆ, ಕೀ ಬಿಟ್ಟರೆ ಅದರ ಮೂಲಕವೇ ಬರಬೇಕು.

ಮುಂದೆ ಕಾಯಿಲ್‌ನ ನೆಗೆಟಿವ್ ತುದಿ. ಪಾಯಿಂಟ್ ತೆರೆದಿರುವಾಗ ಅಲ್ಲಿ 12 ವೋಲ್ಟ್, ಮುಚ್ಚಿರುವಾಗ 0.3 ವೋಲ್ಟ್‌ಗಿಂತ ಕಡಿಮೆ ಇರಬೇಕು. ಈ ಒಂದು ಅಳತೆಯಿಂದ ಬಹಳಷ್ಟು ತಿಳಿಯುತ್ತದೆ. ಪಾಯಿಂಟ್ ಮುಚ್ಚಿದ್ದರೂ 12 ವೋಲ್ಟ್ ಉಳಿದರೆ ಕರೆಂಟ್ ಅರ್ತ್‌ಗೆ ತಲುಪುತ್ತಿಲ್ಲ. ಪಾಯಿಂಟ್‌ನ ಮುಖದ ಮೇಲೆ ಕಿಲುಬು ಅಥವಾ ಎಣ್ಣೆ ಕೂತಿದೆ, ಇಲ್ಲವೇ ಡಿಸ್ಟ್ರಿಬ್ಯೂಟರ್‌ನೊಳಗಿನ ವೈರ್ ಕಡಿದಿದೆ. ಬಹಳ ದಿನ ನಿಂತಿದ್ದ ಗಾಡಿ ಸ್ಟಾರ್ಟ್ ಆಗದಿರಲು ಈ ಕಿಲುಬಿನ ತೆಳು ಪದರವೇ ಸಾಕು. ಶುದ್ಧವಾದ ಗಟ್ಟಿ ಕಾಗದವನ್ನು ಪಾಯಿಂಟ್‌ಗಳ ನಡುವೆ ಎಳೆದರೆ ಸರಿಹೋಗುತ್ತದೆ, ಹೊಸ ಪಾಯಿಂಟ್ ಬೇಕಿಲ್ಲ. ಪಾಯಿಂಟ್ ತೆರೆದರೂ ವೋಲ್ಟೇಜ್ ಸೊನ್ನೆಯೇ ಆದರೆ ಕರೆಂಟ್ ಎಲ್ಲೋ ಅರ್ತ್‌ಗೆ ಸೋರುತ್ತಿದೆ ಅಥವಾ ಕಾಯಿಲ್‌ನ ಪ್ರೈಮರಿ ಕಡಿದಿದೆ. ನೆಗೆಟಿವ್ ತುದಿಯ ವೈರ್ ಬಿಚ್ಚಿ ಮತ್ತೆ ಅಳೆಯಿರಿ. ಆಗ 12 ಬಂದರೆ ಕಾಯಿಲ್ ಸರಿಯಿದೆ; ಶಾರ್ಟ್ ಆದ ಕಂಡೆನ್ಸರ್ ಅಥವಾ ಪಾಯಿಂಟ್ ಜೋಡಿಸುವಾಗ ತಪ್ಪಾಗಿ ಕೂತ ಇನ್ಸುಲೇಟಿಂಗ್ ವಾಷರ್ ಕಡೆ ನೋಡಿ. ಹೊಸ ಪಾಯಿಂಟ್ ಹಾಕಿದ ಕೂಡಲೇ ಗಾಡಿ ಸತ್ತರೆ ಹತ್ತರಲ್ಲಿ ಒಂಬತ್ತು ಪಾಲು ಆ ವಾಷರ್‌ನದೇ ಕೆಲಸ ಎಂದು ತಿಳಿದು ಅಲ್ಲಿಂದಲೇ ಆರಂಭಿಸಿ.

ಕಾಯಿಲ್‌ನ ಓಮ್ ಅಳೆಯುವುದಾದರೆ ಎಲ್ಲ ವೈರ್ ಬಿಚ್ಚಿ ಅಳೆಯಬೇಕು. ಪ್ರೈಮರಿ ಸುಮಾರು 3 ಓಮ್, ಬ್ಯಾಲಸ್ಟ್ ಜೊತೆ ದುಡಿಯುವ ಕಾಯಿಲ್‌ಗೆ ಸುಮಾರು 1.5. ಸೆಕೆಂಡರಿ 5,000ದಿಂದ 15,000 ಓಮ್. ಈ ಎರಡು ಬಗೆಯ ಕಾಯಿಲ್‌ಗಳನ್ನು ಅದಲು ಬದಲು ಮಾಡಬಾರದು: 1.5 ಓಮ್‌ನ ಕಾಯಿಲ್ ಬ್ಯಾಲಸ್ಟ್ ಇಲ್ಲದೆ ದುಡಿದರೆ ಕರೆಂಟ್ ಇಮ್ಮಡಿಯಾಗಿ ಪಾಯಿಂಟ್ ಸುಟ್ಟುಹೋಗುತ್ತದೆ. ಹೊಸ ಪಾಯಿಂಟ್ ಪದೇ ಪದೇ ನೀಲಿಗಟ್ಟಿ ಸುಡುತ್ತಿದ್ದರೆ ಮೊದಲು ಕಾಯಿಲ್ ಯಾವ ಬಗೆಯದು ಎಂದು ನೋಡಿ, ಆಮೇಲೆ ಕಂಡೆನ್ಸರ್.

ಪ್ರೈಮರಿ ಕಡೆ ಎಲ್ಲ ಸರಿಯಿದ್ದರೆ ಕಾಯಿಲ್‌ನ ಮಧ್ಯದ ವೈರ್‌ಗೆ ಟೆಸ್ಟರ್ ಕಟ್ಟಿ ಕಿಡಿ ನೋಡಿ. ಅಲ್ಲಿ ಬಲವಾದ ನೀಲಿ ಕಿಡಿ ಇದ್ದು ಪ್ಲಗ್ ವೈರ್‌ಗಳಲ್ಲಿ ಇಲ್ಲದಿದ್ದರೆ ಉಳಿಯುವುದು ಕ್ಯಾಪ್ ಮತ್ತು ರೋಟರ್. ರೋಟರ್ ಪರೀಕ್ಷೆಗೆ ಒಂದು ಒಳ್ಳೆಯ ಉಪಾಯವಿದೆ. ಕ್ಯಾಪ್ ತೆಗೆದು, ಇನ್ಸುಲೇಷನ್ ಇರುವ ಇಕ್ಕಳದಿಂದ ಕಾಯಿಲ್ ವೈರ್‌ನ ತುದಿಯನ್ನು ರೋಟರ್‌ನ ನಡುಭಾಗದ ಲೋಹಕ್ಕೆ 3 ಮಿ.ಮೀ. ದೂರದಲ್ಲಿ ಹಿಡಿದು, ಇನ್ಸುಲೇಟೆಡ್ ಸ್ಕ್ರೂಡ್ರೈವರ್‌ನಿಂದ ಪಾಯಿಂಟನ್ನು ತೆರೆದು ಮುಚ್ಚಿಸಿ. ರೋಟರ್ ಒಳ್ಳೆಯದಾದರೆ ಕಿಡಿ ಅದರೊಳಗೆ ಹಾರಲು ದಾರಿಯೇ ಇರುವುದಿಲ್ಲ. ಸಲಸಲಕ್ಕೂ ಕಿಡಿ ಹಾರಿದರೆ ಅದು ರೋಟರನ್ನು ತೂರಿಕೊಂಡು ಶಾಫ್ಟ್‌ಗೆ ಇಳಿಯುತ್ತಿದೆ ಎಂದರ್ಥ. ಆ ರೋಟರ್ ಹೊಳೆಯುತ್ತಿದ್ದರೂ ಕೆಟ್ಟದ್ದೇ.

ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಓಡುವ ಗಾಡಿ

ಜನರನ್ನು ಹೆಚ್ಚು ಗೋಳಾಡಿಸುವ ದೋಷ ಇದು. ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ, ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ವರ್ಕ್‌ಶಾಪ್ ತಲುಪುವಷ್ಟರಲ್ಲಿ ದೋಷವೇ ಇಲ್ಲ. ಕಾಯಿಲ್, ಕಂಡೆನ್ಸರ್, ಎಲೆಕ್ಟ್ರಾನಿಕ್ ಆದರೆ ಪಿಕಪ್ ಕಾಯಿಲ್ (ಕಿಡಿಯ ಸಮಯವನ್ನು ಮಾಡ್ಯೂಲ್‌ಗೆ ತಿಳಿಸುವ ಭಾಗ) ಅಥವಾ ಮಾಡ್ಯೂಲ್, ಯಾವುದಾದರೂ ಇರಬಹುದು. ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿಕೊಂಡರೂ ಇದೇ ಲಕ್ಷಣ. ತಣ್ಣಗಿರುವಾಗ ಮಾಡಿದ ಯಾವ ಅಳತೆಯೂ ಇಲ್ಲಿ ಸಾಕ್ಷಿಯಾಗುವುದಿಲ್ಲ. ಸ್ಪಾರ್ಕ್ ಟೆಸ್ಟರನ್ನು ಗಾಡಿಯಲ್ಲೇ ಇಟ್ಟುಕೊಂಡು, ಗಾಡಿ ನಿಂತ ಜಾಗದಲ್ಲಿಯೇ, ತಣ್ಣಗಾಗುವ ಮುನ್ನ ಕಿಡಿ ಇದೆಯೇ ನೋಡಬೇಕು. ಕಿಡಿ ಬಲವಾಗಿದ್ದರೆ ಇಗ್ನಿಷನ್ನಿನ ತಂಟೆಗೆ ಹೋಗದೆ ಪೆಟ್ರೋಲ್ ಕಡೆ ತಿರುಗಿ. ಕಿಡಿ ಇಲ್ಲದಿದ್ದರೆ ಕಾಯಿಲ್‌ನ ಎರಡು ತುದಿಗಳ ವೋಲ್ಟೇಜನ್ನು ಆಗಲೇ ಅಳೆದು ಬರೆದುಕೊಳ್ಳಿ. ಆ ಎರಡು ಅಂಕಿಗಳಿಗೆ ಇರುವ ಬೆಲೆ ಹೊಸ ಭಾಗಗಳ ಒಂದು ಪೆಟ್ಟಿಗೆಗೂ ಇಲ್ಲ.

ಕಂಡೆನ್ಸರ್ ವಿಷಯದಲ್ಲಿ ಮಲ್ಟಿಮೀಟರ್ ಪೂರ್ತಿ ಸತ್ಯ ಹೇಳುವುದಿಲ್ಲ ಎಂಬುದು ನೆನಪಿರಲಿ. 0.2ರಿಂದ 0.3 ಮೈಕ್ರೋಫ್ಯಾರಡ್ ತೋರಿಸಬಹುದು. ಆದರೆ ಅದೇ ಕಂಡೆನ್ಸರ್ ಬಿಸಿಯಲ್ಲಿ, ನೂರಾರು ವೋಲ್ಟ್ ಬಿದ್ದಾಗ ಸೋರಬಹುದು. ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದೇ ನಿಜವಾದ ಪರೀಕ್ಷೆ.

ಇನ್ನೊಂದು ಜಾಗವನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಅಲ್ಲಿ ನೋಡುವವರು ಕಡಿಮೆ. ಡಿಸ್ಟ್ರಿಬ್ಯೂಟರ್‌ನೊಳಗೆ, ಹೊರಗಿನ ಟರ್ಮಿನಲ್‌ನಿಂದ ಪಾಯಿಂಟ್‌ವರೆಗೆ ಒಂದು ಸಣ್ಣ ಮೆದು ವೈರ್, ಪಾಯಿಂಟ್ ಕೂತಿರುವ ತಟ್ಟೆಯಿಂದ ಬಾಡಿಗೆ ಇನ್ನೊಂದು ಅರ್ತ್ ವೈರ್ ಇರುತ್ತವೆ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್‌ನ ಗಾಳಿ ಸೆಳೆತದಿಂದ ಟೈಮಿಂಗ್ ಮುಂದೂಡುವ ಡಯಾಫ್ರಮ್) ಎಳೆದಾಗಲೆಲ್ಲ ಆ ತಟ್ಟೆ ತಿರುಗುತ್ತದೆ, ವೈರ್‌ಗಳು ಬಾಗುತ್ತವೆ. ವರ್ಷಗಟ್ಟಲೆ ಹೀಗೆ ಬಾಗಿ ಒಳಗಿನ ತಾಮ್ರದ ಎಳೆಗಳು ಕಡಿದು, ಮೇಲಿನ ಹೊದಿಕೆ ಮಾತ್ರ ಅಖಂಡವಾಗಿ ಉಳಿಯುತ್ತದೆ. ಐಡ್ಲಿಂಗ್‌ನಲ್ಲಿ ಎಲ್ಲ ಸರಿ, ಆಕ್ಸಿಲರೇಟರ್ ಕೊಟ್ಟ ಕೂಡಲೇ ಎಂಜಿನ್ ಎಡವುತ್ತದೆ. ಕಾರ್ಬುರೇಟರ್ ಬಿಚ್ಚಿ ಜೋಡಿಸಿ, ಪ್ಲಗ್‌ನಿಂದ ಕಾಯಿಲ್‌ವರೆಗೆ ಎಲ್ಲ ಬದಲಿಸಿ ಸೋತ ಗಾಡಿಗಳಲ್ಲಿ ಕೊನೆಗೆ ಬೆರಳುದ್ದದ ಈ ವೈರ್ ಸಿಕ್ಕಿಬೀಳುವುದನ್ನು ಕಂಡಿದ್ದೇನೆ. ಮೀಟರನ್ನು ವೈರ್‌ನ ಎರಡೂ ತುದಿಗೆ ಹಿಡಿದು, ಅಡ್ವಾನ್ಸ್‌ನ ಕೊಳವೆಯನ್ನು ಬಾಯಿಂದ ಎಳೆದು ತಟ್ಟೆಯನ್ನು ತಿರುಗಿಸಿ. ಅಂಕಿ ನಡುಗಿದರೆ ವೈರ್ ಕಡಿದಿದೆ. ಎಳೆದ ಗಾಳಿ ನಿಲ್ಲದೆ ಒಳಬಂದರೆ ಡಯಾಫ್ರಮ್ ಹರಿದಿದೆ. ಒಂದೇ ಉಸಿರಿನಲ್ಲಿ ಎರಡು ಪರೀಕ್ಷೆ ಮುಗಿಯುತ್ತವೆ.

ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ

ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲಿಯೇ ಇಡಿ. ತಿಳಿಗಂದು ಅಥವಾ ಬೂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿ ಎಲ್ಲದರಲ್ಲೂ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಅಥವಾ ಕಿಡಿ ಬಲಹೀನವಾಗಿದೆ. ಒಂದರಲ್ಲಿ ಮಾತ್ರ ಇದ್ದರೆ ಆ ಸಿಲಿಂಡರಿನ ವೈರ್, ಪ್ಲಗ್ ನೋಡಿ. ಎಣ್ಣೆಯ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಯಾವ ಹೊಸ ಪ್ಲಗ್ ಕೂಡ ಅದನ್ನು ಗುಣಪಡಿಸದು. ಬಿಳಿಚಿಕೊಂಡು ಗುಳ್ಳೆ ಎದ್ದ ತುದಿ ಅಪಾಯದ ಸೂಚನೆ: ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಟೈಮಿಂಗ್ ಮುಂದಿದೆ, ಅಥವಾ ಪ್ಲಗ್‌ನ ಹೀಟ್ ರೇಂಜ್ (ಬಿಸಿಯನ್ನು ಹೊರಹಾಕುವ ಸಾಮರ್ಥ್ಯ) ತಪ್ಪಾಗಿದೆ. ಆ ಗಾಡಿಯನ್ನು ಹಾಗೆಯೇ ಓಡಿಸಿದರೆ ಪಿಸ್ಟನ್‌ಗೆ ತೂತು ಬೀಳುತ್ತದೆ.

ಪ್ಲಗ್‌ನ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಕಂಡರೆ ಕಿಡಿ ಹೊರಗಿನಿಂದ ಜಾರುತ್ತಿತ್ತು. ಅಲ್ಲಿ ಪ್ಲಗ್ ಒಂದನ್ನೇ ಬದಲಿಸಬಾರದು. ಬೂಟ್‌ನ ಒಳಗೂ ಅದೇ ಗೆರೆ ಮೂಡಿರುತ್ತದೆ, ಹೊಸ ಪ್ಲಗ್‌ನ ಮೇಲೆ ಅದು ಮತ್ತೆ ಹುಟ್ಟುತ್ತದೆ. ಒಟ್ಟೊಟ್ಟಿಗೆ ಬದಲಿಸಲೇಬೇಕಾದ ಜೋಡಿ ಇದು.

ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ

ಪಾಯಿಂಟ್ ಮತ್ತು ಕಂಡೆನ್ಸರ್‌ಗಳ ಕಾಟ ಇಲ್ಲಿ ಇಲ್ಲ; ಕ್ಯಾಪ್, ರೋಟರ್, ವೈರ್, ಪ್ಲಗ್‌ಗಳ ಲೆಕ್ಕ ಮೇಲಿನಂತೆಯೇ. ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.8ರಿಂದ 1.1 ಮಿ.ಮೀ. ಮಾಡ್ಯೂಲ್‌ಗೆ ಶತ್ರು ಬಿಸಿ. ಅದರ ಅಡಿಯಲ್ಲಿ ಬಿಸಿ ಸಾಗಿಸುವ ಪೇಸ್ಟ್ ಬಳಿದಿರುವ ಗಾಡಿಗಳಲ್ಲಿ ಆ ಪೇಸ್ಟ್ ಒಣಗಿದರೆ ಮಾಡ್ಯೂಲ್ ಬೇಗ ಸಾಯುತ್ತದೆ, ಹೊಸದನ್ನು ಹಾಕುವಾಗ ಪೇಸ್ಟ್ ಬಳಿಯದಿದ್ದರೆ ಇನ್ನೂ ಬೇಗ. ಬಾಡಿ ಅರ್ತ್ ಸಡಿಲವಾಗಿದ್ದರೂ ಮಾಡ್ಯೂಲ್ ಕೆಟ್ಟಂತೆಯೇ ತೋರುತ್ತದೆ, ಆದ್ದರಿಂದ ಅದನ್ನು ಮೊದಲು ಉಜ್ಜಿ ಬಿಗಿ ಮಾಡಿ.

ಪ್ರತಿ ಪ್ಲಗ್‌ಗೂ ಪ್ರತ್ಯೇಕ ಕಾಯಿಲ್ ಇರುವ ಗಾಡಿಗಳಲ್ಲಿ ಹುಡುಕುವುದು ಬಹಳ ಸುಲಭ. ಸ್ಕ್ಯಾನರ್‌ನಲ್ಲಿ ಪಿ0301 ಎಂದು ಬಂದರೆ ಒಂದನೇ ಸಿಲಿಂಡರಿನ ಮಿಸ್‌ಫೈರ್. ಅದರ ಕಾಯಿಲನ್ನು ಎರಡನೆಯದರ ಜೊತೆ ಅದಲು ಬದಲು ಮಾಡಿ ಓಡಿಸಿ. ಕೋಡ್ ಪಿ0302ಕ್ಕೆ ಬದಲಾದರೆ ಕಾಯಿಲ್ ಕೆಟ್ಟಿದೆ, ಒಂದರಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ಕಡೆ ನೋಡಿ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಮಿಸ್‌ಫೈರ್ ಇಟ್ಟುಕೊಂಡು ಓಡಿಸುವುದು ಬಲು ದುಬಾರಿ. ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದು ಒಳಗಿನ ಜೇನುಗೂಡನ್ನು ಕರಗಿಸಿಬಿಡುತ್ತದೆ.

ಬದಲಿಸುವಾಗ

ವೈರ್‌ಗಳನ್ನು ಒಂದೊಂದಾಗಿ ಬದಲಿಸಿ. ಎಲ್ಲ ಕಿತ್ತು ಹರಡಿದರೆ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, ತಪ್ಪುತ್ತದೆ. ಕಾಯಿಲ್‌ನ ಪ್ರೈಮರಿ ವೈರ್‌ಗಳನ್ನು ಅದಲು ಬದಲಾಗಿ ಜೋಡಿಸಿದರೂ ಎಂಜಿನ್ ಓಡುತ್ತದೆ, ಆದರೆ ಪ್ಲಗ್‌ನ ಮಧ್ಯದ ತುದಿಗೆ ನೆಗೆಟಿವ್ ಬದಲು ಪಾಸಿಟಿವ್ ಬಂದು ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ತಣ್ಣಗೆ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಲ್ಲಿ ಇದನ್ನೂ ನೋಡಬೇಕು.

ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಕಸವನ್ನು ಗಾಳಿಯಿಂದ ಊದಿ ತೆಗೆಯಿರಿ. ಅಲ್ಯುಮಿನಿಯಂ ಹೆಡ್ ಆಗಿದ್ದರೆ ಎಂಜಿನ್ ತಣ್ಣಗಾಗುವವರೆಗೆ ಕಾಯಲೇಬೇಕು. ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರುತ್ತದೆ. ಹೊಸ ಪ್ಲಗನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ವಾಷರ್ ಇರುವ ಪ್ಲಗ್ ಆದರೆ ಅಲ್ಲಿಂದ ಅರ್ಧ ಸುತ್ತು ಬಿಗಿದರೆ ಸಾಕು. ವಾಷರ್ ಇಲ್ಲದ, ಇಳಿಜಾರು ಸೀಟಿನ ಪ್ಲಗ್‌ಗೆ ಸುತ್ತಿನ ಹದಿನಾರನೆಯ ಒಂದು ಪಾಲು ಮಾತ್ರ.

ಪಾಯಿಂಟ್ ಹಾಕುವಾಗ ಕ್ಯಾಮ್‌ಗೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿ, ರೋಟರ್ ಕೆಳಗಿನ ಫೆಲ್ಟ್ ಇದ್ದರೆ ಎರಡು ಹನಿ ಎಣ್ಣೆ ಬಿಡಿ. ಹೊಸ ಪಾಯಿಂಟ್‌ನ ಮುಖದ ಮೇಲೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯ ಪದರ ಇರುತ್ತದೆ, ಸ್ವಚ್ಛ ಬಟ್ಟೆಯಿಂದ ಒರೆಸಿ. ಮೊದಲು ಗ್ಯಾಪ್, ನಂತರ ಟೈಮಿಂಗ್. ಈ ಕ್ರಮ ತಿರುವುಮುರುವಾದರೆ ಇಟ್ಟ ಟೈಮಿಂಗ್ ಗ್ಯಾಪ್ ಸರಿಪಡಿಸಿದಾಗ ಮತ್ತೆ ಕೆಡುತ್ತದೆ. ಹೊಸ ಫೈಬರ್ ತುಂಡು ಮೊದಲ 500ರಿಂದ 1000 ಕಿ.ಮೀ.ಯಲ್ಲಿ ಬೇಗ ಸವೆದು ಕ್ಯಾಮ್‌ಗೆ ಹೊಂದಿಕೊಳ್ಳುತ್ತದೆ. ಅಷ್ಟು ಓಡಿದ ಮೇಲೆ ಕ್ಯಾಪ್ ತೆಗೆದು ಗ್ಯಾಪನ್ನು ಇನ್ನೊಮ್ಮೆ ಅಳೆಯಿರಿ, ಬದಲಾಗಿದ್ದರೆ ಸರಿಪಡಿಸಿ ಟೈಮಿಂಗ್ ಲೈಟ್ ಹಿಡಿದು ನೋಡಿ. ಅದಾದ ಮೇಲೆ ಮುಂದಿನ 5,000 ಕಿ.ಮೀ.ವರೆಗೆ ಡಿಸ್ಟ್ರಿಬ್ಯೂಟರ್ ತೆರೆಯುವ ಅಗತ್ಯ ಬೀಳುವುದಿಲ್ಲ.